ಶೆಟ್ಟರಿಗೆ ಬೇಡವಾದ ಸಹಾಯಧನ

ಬೆಳಿಗ್ಗೆ ಇಡ್ಲಿ ಪಾತ್ರೆ ಇಳಿಸುವ ಹೊತ್ತಿಗೆ ರಘುರಾಮ ಶೆಟ್ಟರ ಖಾತೆಗೆ ಎರಡು ಸಾವಿರ ರೂಪಾಯಿ ಬಂದು ಬಿತ್ತು. ವ್ಯಾಪಾರ ಕುಸಿದು, ಊರಾಚೆಯ ರಾಂಜಣಗಾಂವದ ಕಾರ್ಖಾನೆಗಳೂ ಪಾಳಿ ಕಡಿಮೆ ಮಾಡಿದ್ದ ವರ್ಷ ಅದು. ಕೆಲಸ ಕಳೆದುಕೊಂಡವರಿಗೆಂದು ಸರಕಾರ ನೇರವಾಗಿ ಹಾಕುತ್ತಿದ್ದ ಸಹಾಯಧನ. ಶೆಟ್ಟರು ಅರ್ಜಿಯನ್ನೇ ಹಾಕಿರಲಿಲ್ಲ. ಆ ಮರಾಠಿ ಊರಿನ ಸದಾಶಿವ ಪೇಠೆಯಲ್ಲಿ ಅವರದೇ ಹೋಟೆಲಿತ್ತು. ಗಿರಾಕಿ ಅರ್ಧವಾಗಿದ್ದರೂ ಬೋರ್ಡು ಪೂರ್ತಿ ಇತ್ತು.

ಪಕ್ಕದ ಬಟ್ಟೆ ಅಂಗಡಿಯ ಫಕೀರಪ್ಪ ಚಹಾ ಹೀರುತ್ತ ಅವರ ಹೆಗಲ ಮೇಲಿಂದ ಮೊಬೈಲು ಓದಿದ.

"ಇದ್ದವರು ತಗೊಂಡ್ರ ಕೇಸ್ ಹಾಕ್ತಾರಂತ್ರಿ. ಶಿರೂರದಾಗ ನಮ್ಮ ಬೀಗರಿಗೆ ನೋಟಿಸ್ ಬಂದದ."

"ನಾನು ಕೇಳಿಯೇ ಇಲ್ಲ ಮಾರಾಯ್ರೆ."

"ಯಾರು ನಂಬ್ತಾರ್ರೀ? ಇವತ್ತೇ ಕೊಟ್ಟು ಬಂದುಬಿಡ್ರಿ."

ಹತ್ತು ಗಂಟೆಯೊಳಗೆ ಸುದ್ದಿ ಬೀದಿ ಸುತ್ತಿತು, ಅದೂ ತಲೆಕೆಳಗಾಗಿ: ಶೆಟ್ಟರು ಸಹಾಯಧನಕ್ಕೆ ಇಳಿದಿದ್ದಾರೆ. ವಾರಕ್ಕೊಮ್ಮೆ ಲೆಕ್ಕ ಮಾಡುತ್ತಿದ್ದ ಹಾಲಿನವನು ನಗದು ಕೇಳಿದ. ಮಹಡಿಯ ಮೇಲೆ ಟ್ಯೂಷನ್ ನಡೆಸುವ ಇಂದೂ ಮೇಡಂ ಕೆಳಗಿಳಿದು, "ಹೋಟೆಲು ಮುಚ್ಚೋದಾದ್ರೆ ಜಾಗ ನಮಗೇ ಹೇಳ್ರಿ" ಎಂದು ಗೋಡೆಯ ಅಳತೆ ನೋಡಿಹೋದರು.

ಶೆಟ್ಟರು ಇಸ್ತ್ರಿಯ ಅಂಗಿ ಹಾಕಿ, ಸ್ಕೂಟರಿನಲ್ಲಿ ಸಹಾಯಧನದ ಕಚೇರಿಗೆ ಹೋದರು. ಸರದಿ ನೀರು ಬೆರೆಸಿದ ಸಾಂಬಾರಿನಂತೆ ಬೆಳೆಯುತ್ತಲೇ ಇತ್ತು. ಸಾಲಿನಲ್ಲಿದ್ದ ಒಬ್ಬ ಹಳೆಯ ಗಿರಾಕಿ ಅವರ ಬೆನ್ನು ಸವರಿ, ನಾಚಿಕೆ ಬೇಡ, ಎಲ್ಲರಿಗೂ ಕಷ್ಟವಿದೆ ಎಂದು ಮರಾಠಿಯಲ್ಲಿ ಸಮಾಧಾನ ಹೇಳಿ ಮುಂದೆ ಜಾಗ ಬಿಟ್ಟ. ಅದು ಶೆಟ್ಟರಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಗುಮಾಸ್ತೆ ಶೀತಲ್ ಸೊಲ್ಲಾಪುರದ ಕಡೆಯವಳು. ಶೆಟ್ಟರ ಮರಾಠಿ ಎರಡು ವಾಕ್ಯ ಕೇಳಿ ಕನ್ನಡಕ್ಕೆ ಬಂದಳು.

"ಹಣ ವಾಪಸ್ ಕೊಡ್ಲಿಕ್ಕೆ ಬಂದದ್ದು," ಎಂದರು ಶೆಟ್ಟರು.

"ಕೊಡೋ ಫಾರ್ಮ್ ಅದರೀ. ವಾಪಸ್ ತಗೊಳೋ ಫಾರ್ಮ್ ಇಲ್ಲ."

"ಮತ್ತೆ ಎಂತ ಮಾಡುದು?"

"ಅದೇ ಅರ್ಜಿ ತುಂಬ್ರಿ. 'ಬೇಕು' ಅನ್ನೋದನ್ನ ಹೊಡದು 'ಬ್ಯಾಡ' ಅಂತ ಬರೀರಿ."

ಅರ್ಜಿ ಮನೆಯವರೆಲ್ಲರ ಹೆಸರು, ಖಾತೆ ಕೇಳಿತು. ಶೆಟ್ಟರು ಹೆಂಡತಿ ಹರಿಣಾಕ್ಷಿಗೆ ಫೋನು ಮಾಡಿ ಅವಳದು, ಕಾಲೇಜಿಗೆ ಹೋಗುವ ಮಕ್ಕಳಿಬ್ಬರದು, ಎಲ್ಲವನ್ನೂ ತುಂಬಿ, 'ಬೇಕು' ಹೊಡೆದು 'ಬೇಡ' ಎಂದು ಬರೆದರು. ಸಂಪರ್ಕಕ್ಕೆ ಅವಳ ನಂಬರನ್ನೇ ಕೊಟ್ಟರು. ತಮ್ಮ ಫೋನಿನ ಮೇಲೆ ಅವರಿಗೆ ಬೆಳಿಗ್ಗೆಯಿಂದ ನಂಬಿಕೆ ಹೋಗಿತ್ತು. ಶೀತಲ್ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಸ್ವೀಕೃತಿ ಚೀಟಿ ಕೊಟ್ಟಳು.

ಸಂಜೆ ಚೀಟಿ ಬೀದಿಯಲ್ಲೆಲ್ಲ ಕೈ ಬದಲಾಯಿಸಿತು. ಹಾಲಿನವನು ತಲೆ ಕೆರೆದುಕೊಂಡ. ಫಕೀರಪ್ಪ ಕೈ ಕುಲುಕಿ, "ಭಾಳ ಛಲೋ ಆತ್ರಿ" ಎಂದ. ಶೆಟ್ಟರು ಆ ದಿನದಲ್ಲಿ ಮೊದಲ ಬಾರಿ ಕುರ್ಚಿಗೆ ಒರಗಿ ಕುಳಿತರು.

ಆಗ ಹರಿಣಾಕ್ಷಿ ಫೋನು ಹಿಡಿದು ಮನೆಯಿಂದ ಬಂದಳು.

"ನಿಮ್ಮ ಅರ್ಜಿ ಮಂಜೂರಾಯ್ತಂತೆ. ನನಗೆ ಎರಡು ಸಾವಿರ, ಮಕ್ಕಳಿಗೂ ಎರಡೆರಡು ಸಾವಿರ ಬಂದಿದೆ."

'ಬೇಕು' ಮೇಲೆ ಎಳೆದ ಗೆರೆ ಕಂಪ್ಯೂಟರಿಗೆ ಕಂಡಿರಲಿಲ್ಲ.

ಶೆಟ್ಟರು ಕೇಳಿದರು, "ನನಗೂ ಬಂತಾ?"

"ನಿಮಗೆ ಹಣ ಇಲ್ಲ. ಒಮ್ಮೆ ಪಡೆದ ಮೇಲೆ ಮತ್ತೆ ಅರ್ಜಿ ಹಾಕಿದ್ದೀರಂತೆ. ನಾಳೆ ವಿಚಾರಣೆಗೆ ಬರಬೇಕು ಅಂತ ಉಂಟು."