ಕೋಳಿಯ ಬೊಜ್ಜಕ್ಕೆ ಬಿಳಿ ಶಾಮಿಯಾನ

ಕಳೆದ ದಸರಾ ರಜೆಯ ಕೊನೆಯ ಭಾನುವಾರ, ಬೆಳಿಗ್ಗೆ ಹತ್ತೂವರೆಗೆ, ನಾನು ಬೆಳುವಾಯಿಯಲ್ಲಿ ಬಸ್ಸಿಳಿದು ಊರೆಲ್ಲ ಕಾಕ ಎಂದು ಕರೆಯುವ ಬ್ಯಾರಿಯ ಜೀನಸಿನ ಅಂಗಡಿಯ ಎದುರು, ನೇತುಹಾಕಿದ ಬಾಳೆಗೊನೆಯ ಎಡಬದಿಗೆ ನಿಂತಿದ್ದೆ. ಬಲಬದಿಗೆ ನಿಂತಿದ್ದರೆ ಗೊನೆ ಅಡ್ಡ ಬರುತ್ತಿತ್ತು. ಎಡಬದಿಯಿಂದ ರಸ್ತೆಯಾಚೆಯ ಭಾವನ ಮನೆಯ ಅಂಗಳ ಸ್ಪಷ್ಟವಾಗಿ ಕಾಣುತ್ತದೆ. ನನ್ನ ಭಾವ ತೀರಿಹೋದದ್ದು ನನಗೆ ಗೊತ್ತಾದದ್ದು ಅಲ್ಲಿಂದಲೇ. ಆಮೇಲೆ ಅವರೇ ಬಂದು ನನಗೆ ಪಾಯಸ ಬಡಿಸಿದರು.

ನಗಬೇಡಿ. ಬಂಟ್ವಾಳದ ಕೋರ್ಟಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು ನಾನು. ಕಂಡದ್ದನ್ನು ಮಾತ್ರ ಹೇಳುವುದು ನನ್ನ ಅಭ್ಯಾಸ. ಕಂಡದ್ದು ಇಷ್ಟು: ಅಂಗಳದಲ್ಲಿ ಬಿಳಿ ಶಾಮಿಯಾನ. ಮದುವೆಗಾದರೆ ಕೆಂಪು, ಹಳದಿ ಬಟ್ಟೆ ಕಟ್ಟುತ್ತಾರೆ. ಬರೇ ಬಿಳಿ ಕಟ್ಟುವುದು ಯಾವುದಕ್ಕೆ ಎಂದು ನಮ್ಮ ಕಡೆಯ ಸಣ್ಣ ಮಕ್ಕಳಿಗೂ ಗೊತ್ತು. ಎರಡನೆಯದಾಗಿ, ಕಾಕನ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಹಬ್ಬದ ದಿನವೂ ಒಂದು ಗಂಟೆ ಅಂಗಡಿ ತೆರೆಯುವ ಕಾಕ! ಮೂರನೆಯದಾಗಿ, ಭಾವನ ಫೋನು ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಇದಕ್ಕಿಂತ ಕಡಿಮೆ ಸಾಕ್ಷ್ಯಕ್ಕೆ ಜೈಲಿಗೆ ಹೋದವರನ್ನು ನಾನು ನೋಡಿದ್ದೇನೆ.

ಹೆಂಡತಿಗೆ ಫೋನು ಮಾಡಿ, "ಭಾವ ಹೋದರು" ಎಂದೆ. ಅವಳು ವಿಟ್ಲದ ದೊಡ್ಡಮ್ಮನಿಗೆ ಹೇಳಿದಳು. ದೊಡ್ಡಮ್ಮ ಕೂಡಲೇ ಜೀಪು ಮಾಡಿಸಿದರು. ಇಷ್ಟೆಲ್ಲ ಆಗುವಷ್ಟರಲ್ಲಿ ನಾನು ರಸ್ತೆ ದಾಟಿದೆ. ಶಾಮಿಯಾನದ ಹಿಂದಿನಿಂದ, ಮುಂಡನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ಸೌಟು ಹಿಡಿದು ಬಂದದ್ದು ಯಾರು? ಭಾವ!

"ಏನು ಮಾರಾಯ, ಹೆಣ ನೋಡಿದ ಹಾಗೆ ನಿಂತಿದ್ದೀಯಲ್ಲ? ಬಾ ಬಾ, ಕುಡಿಲಿಕ್ಕೆ ಏನಾದರೂ ತೆಗೊ" ಎಂದರು.

"ಭಾವ, ಇದು ಯಾರದ್ದು?" ಎಂದೆ, ಶಾಮಿಯಾನ ತೋರಿಸಿ.

"ನಂದೇ."

"ಶಾಮಿಯಾನ ನಿಮ್ಮದೇ ಅಂತ ಗೊತ್ತುಂಟು. ಬೊಜ್ಜ ಯಾರದ್ದು?"

"ಹುಂಜದ್ದು" ಎಂದರು ಭಾವ, ಗಂಭೀರವಾಗಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸತ್ತವರ ಹದಿಮೂರನೆಯ ದಿನದ ಕ್ರಿಯೆ ಮತ್ತು ಊಟಕ್ಕೆ ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ. ನನ್ನ ಭಾವನ ವ್ಯಾಪಾರವೇ ಬೊಜ್ಜ, ಮದುವೆಗಳಿಗೆ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವುದು. ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಅವರ ಕಂಬ ನೆಡದ ಅಂಗಳ ಕಡಿಮೆ. ಹಾಗೆಂದು ಹುಂಜಕ್ಕೆ? ಅದಕ್ಕೊಂದು ಹಿನ್ನೆಲೆಯಿದೆ, ಮತ್ತು ಅದು ನಗುವಂಥದ್ದಲ್ಲ.

ಹಿಂದಿನ ವರ್ಷ ನನ್ನ ಅಕ್ಕ, ಅಂದರೆ ಭಾವನ ಹೆಂಡತಿ, ತೀರಿಹೋದಳು. ಅವರ ಮಗಳು, ಅಳಿಯ ದೋಹಾದಲ್ಲಿದ್ದಾರೆ; ಮೊಮ್ಮಗಳು ಚಿನ್ನುವನ್ನು ಹಾಲು ಬಿಟ್ಟಾಗಿನಿಂದ ಬೆಳೆಸಿದ್ದು ಅಕ್ಕನೇ. ಅಕ್ಕ ಹೋದ ದಿನ ನಾವು ದೊಡ್ಡವರೆಲ್ಲ ಸೇರಿ, "ಮಗು ನೋಡುವುದು ಬೇಡ" ಎಂದು ತೀರ್ಮಾನಿಸಿ ಚಿನ್ನುವನ್ನು ಬೆಳ್ತಂಗಡಿಯ ಸಂಬಂಧಿಕರ ಮನೆಗೆ ಕಳುಹಿಸಿದೆವು. ಬೊಜ್ಜ ಮುಗಿದು, ಕಂಬ ಕಿತ್ತು, ಅಂಗಳ ಗುಡಿಸಿದ ಮೇಲೆ ಕರೆತಂದೆವು. ಅವಳು ಮನೆಯೊಳಗೆ ಹೋಗಿ ಎಲ್ಲ ಕೋಣೆ ನೋಡಿ ಬಂದು, ಜಗಲಿಯಲ್ಲಿ ಕೂತು ಬಿಸ್ಕತ್ತು ತಿಂದಳು. ಅಳಲಿಲ್ಲ. ಆ ದಿನವೂ ಇಲ್ಲ, ಆಮೇಲೆಯೂ ಇಲ್ಲ.

"ಎಷ್ಟು ಗಟ್ಟಿ ಮಗು!" ಎಂದು ಊರೆಲ್ಲ ಹೊಗಳಿತು. ಭಾವನೊಬ್ಬರಿಗೆ ಮಾತ್ರ ಸಮಾಧಾನವಿಲ್ಲ. "ಗಟ್ಟಿ ಅಂತೆ ಗಟ್ಟಿ! ಅವಳೇನು ತೆಂಗಿನಕಾಯಿಯಾ? ಒಳಗೆ ಏನಾಗ್ತಾ ಉಂಟೋ ಯಾರಿಗೆ ಗೊತ್ತು" ಎಂದು ಗೊಣಗಿದರು. ಆವತ್ತಿನಿಂದ ಅವರಿಗೆ ಒಂದೇ ಹುಚ್ಚು: ಹೇಗಾದರೂ ಮಾಡಿ ಚಿನ್ನುವನ್ನು ಒಂದು ಸಲ ಅಳಿಸಬೇಕು!

ಲೋಕದಲ್ಲಿ ಮಕ್ಕಳ ಅಳು ನಿಲ್ಲಿಸಲು ಒದ್ದಾಡುವ ಅಜ್ಜಂದಿರಿದ್ದಾರೆ. ಅಳಿಸಲು ಒದ್ದಾಡಿದ ಅಜ್ಜ ಇವರೊಬ್ಬರೇ ಇರಬೇಕು. ಒಂದು ಸಂಜೆ ದುಃಖದ ಯಕ್ಷಗಾನಕ್ಕೆ ಕರೆದುಕೊಂಡು ಹೋದರು. ಮಗನನ್ನು ಕಳೆದುಕೊಂಡ ತಾಯಿಯ ಪಾತ್ರಧಾರಿ ರಂಗಸ್ಥಳದಲ್ಲಿ ಬಿದ್ದು ಹೊರಳಿ ಅತ್ತರು. ಜೊತೆಗೆ ಹೋಗಿದ್ದ ಕಾಕ ಟೊಪ್ಪಿಯಿಂದ ಕಣ್ಣೊರೆಸಿಕೊಂಡರು. ಚಿನ್ನು ಮಾತ್ರ, "ಅಜ್ಜ, ಅವರ ಸೀರೆಗೆ ಮಣ್ಣಾಯ್ತು. ಯಾರು ಒಗೆಯುವುದು?" ಎಂದಳು. ಇನ್ನೊಮ್ಮೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮದುವೆ ಅಡುಗೆಯ ಒಂದು ಗೋಣಿ ನೀರುಳ್ಳಿ ಕೊಚ್ಚಿಸಿದರು. ಅಡುಗೆಯವರು ಅತ್ತರು, ಪಾತ್ರೆ ತೊಳೆಯುವವರು ಅತ್ತರು, ಒಳಗೆ ಬಂದ ಮದುಮಗನ ಸೋದರಮಾವನೂ ಅತ್ತರು. ಚಿನ್ನು ಈಜುವವರ ಕನ್ನಡಕ ಹಾಕಿಕೊಂಡು ಕೂತಿದ್ದಳು. ದೋಹಾದಿಂದ ಅಪ್ಪ ಕಳುಹಿಸಿದ್ದು!

ಜೂನಿನಲ್ಲಿ ಅವಳನ್ನು ತೋಡಾರಿನ ಹತ್ತಿರದ ಹೊಸ ಶಾಲೆಗೆ ಸೇರಿಸಿದರು. ಹಳೆಯ ಸ್ನೇಹಿತರಿಲ್ಲ, ಹೊಸ ಟೀಚರು, ಇಲ್ಲಾದರೂ ಅತ್ತಾಳು ಎಂದು ಭಾವ ಆಸೆಪಟ್ಟರು. ಅತ್ತರೆ ಪಕ್ಕದಲ್ಲಿ ತಾನಿರಬೇಕಲ್ಲ? ಪಾತ್ರೆ ತುಂಬಿದ ಟೆಂಪೊವನ್ನು ಶಾಲೆಯ ಗೇಟಿನ ಎದುರು, ಎರಡನೇ ಕ್ಲಾಸಿನ ಕಿಟಕಿಗೆ ಕಾಣುವ ಹಾಗೆ ನಿಲ್ಲಿಸಿದರು. "ನಾನು ಇಲ್ಲೇ ಇದ್ದೇನೆ" ಎಂದು ತಿಳಿಸಲು ಆಗಾಗ ಹಾರ್ನ್ ಹೊಡೆದರು. ಎರಡನೆಯ ದಿನ ಅವರ ಹಾರ್ನನ್ನು ಊಟದ ಬೆಲ್ ಎಂದುಕೊಂಡು ಇಡೀ ಶಾಲೆಯ ಮಕ್ಕಳು ತಟ್ಟೆ ಹಿಡಿದು ಹೊರಗೆ ಓಡಿಬಂದರು. ಹೆಡ್‌ಮಿಸ್ಟ್ರೆಸ್ ಗೇಟಿಗೇ ಬಂದರು.

"ಅಜ್ಜ, ಹಾರ್ನ್ ಒಂದು ಬೇಡ. ಬೇಕಾದರೆ ನೀವು ಒಳಗೆ ಬಂದು ಎರಡನೇ ಕ್ಲಾಸಿನಲ್ಲಿ ಕೂತುಕೊಳ್ಳಿ."

"ಎರಡನೇ ಕ್ಲಾಸ್ ನಾನು ಪಾಸಾಗಿದ್ದೇನೆ ಟೀಚರ್. ಮೂರರಲ್ಲಿ ಜಾಗ ಉಂಟಾ?"

ಆ ಬಳಿಕ ಹುಂಜ. ಅದು ಚಿನ್ನುವಿನದು. ಅಕ್ಕಿಕಾಳು ಕೈಯಿಂದಲೇ ತಿನ್ನುವಷ್ಟು ಸಲಿಗೆ. ಒಂದು ಬೆಳಿಗ್ಗೆ ಹಾಲಿನ ವ್ಯಾನಿನ ಅಡಿಗೆ ಬಿದ್ದು ಸತ್ತಿತು. ಚಿನ್ನು ಅದನ್ನು ನೋಡಿದಳು, ಅಳಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದಳಂತೆ: "ಅಜ್ಜ, ಬೊಜ್ಜ ಅಂದರೆ ಏನೇನು ಮಾಡುವುದು?" ಭಾವ ಬಾಯಲ್ಲಿ ಹೇಳಲು ಹೋಗಿ, ಆಗದೆ, "ಮಾಡಿಯೇ ತೋರಿಸ್ತೇನೆ ಮಗಾ" ಎಂದುಬಿಟ್ಟರು. ಹದಿಮೂರು ದಿನ ಕಾದು, ಆ ಭಾನುವಾರ ಕಂಬ ನೆಟ್ಟಿದ್ದರು.

ಶಾಮಿಯಾನದೊಳಗೆ ಹೋಗಿ ನೋಡಿದೆ. ಮೇಜು, ದೀಪ, ಮಲ್ಲಿಗೆಯ ಮಾಲೆ, ನಡುವೆ ಫ್ರೇಮು ಹಾಕಿಸಿದ ಹುಂಜದ ದೊಡ್ಡ ಫೋಟೊ. ನೆರೆಕರೆಯ ಮಕ್ಕಳೆಲ್ಲ ಸಾಲಾಗಿ ಕೂತಿದ್ದರು. ಎರಡು ಮಾತಾಡಲು ಕಾಕ ಎದ್ದು ನಿಂತರು. ಅಂಗಡಿಯ ಬಾಗಿಲು ಅರ್ಧ ಎಳೆದದ್ದು ಇದಕ್ಕೆ! "ಮೃತರು ಬೆಳಿಗ್ಗೆ ಮಸೀದಿಯ ಬಾಂಗಿಗಿಂತ ಮೊದಲೇ ಕೂಗಿ ನನ್ನನ್ನು ಎಬ್ಬಿಸ್ತಿದ್ದರು" ಎಂದು ಶುರುಮಾಡಿದರು. "ನನ್ನ ಅಂಗಡಿಯ ಗೋಣಿಯಿಂದ ಕಡಲೆ ತಿಂದದ್ದೂ ಉಂಟು. ಈಗ ಅದನ್ನೆಲ್ಲ ಹೇಳಬಾರದು." ಮಕ್ಕಳು ಕಿಸಕ್ಕೆಂದರು. ಚಿನ್ನು ಕೂಡ ನಕ್ಕಳು.

"ಭಾವ, ಊಟಕ್ಕೆ ಏನು?" ಎಂದು ಮೆಲ್ಲಗೆ ಕೇಳಿದೆ.

"ಸಾರು, ಪಲ್ಯ, ಪಾಯಸ. ಮತ್ತೆ, ಕೋಳಿಯ ಬೊಜ್ಜಕ್ಕೆ ಕೋಳಿ ಸುಕ್ಕ ಮಾಡ್ಲಿಕ್ಕಾಗ್ತದಾ?"

ಆಗಲೇ ನನಗೆ ಜೀಪಿನ ನೆನಪಾದದ್ದು. ತಡವಾಗಿತ್ತು. ನಾವು ಪಾಯಸ ಕುಡಿಯುತ್ತಿದ್ದಂತೆ ವಿಟ್ಲದ ಜೀಪು ಬಂದು ನಿಂತಿತು. ಎಂಬತ್ತು ದಾಟಿದ ದೊಡ್ಡಮ್ಮ ಬಿಳಿ ಸೀರೆಯಲ್ಲಿ ಇಳಿದು, "ಅಯ್ಯೋ ಮಗಾ, ನನಗಿಂತ ಮೊದಲು ಹೋದೆಯಾ!" ಎಂದು ಎದೆ ಬಡಿದುಕೊಂಡು ಒಳಗೆ ಬಂದು, ಭಾವನ ಎದುರೇ ನಿಂತರು. ಭಾವ ಸೌಟು ಕೆಳಗಿಟ್ಟು ಅವರ ಕಾಲು ಮುಟ್ಟಿದರು.

"ನಾನು ಉಂಟು ದೊಡ್ಡಮ್ಮ. ಹೋದದ್ದು ಅದು" ಎಂದು ಫೋಟೊ ತೋರಿಸಿದರು.

ದೊಡ್ಡಮ್ಮ ಫೋಟೊ ನೋಡಿದರು. ಬಳಿಕ ನನ್ನನ್ನು ನೋಡಿದರು. ಆಗ ಅವರು ನನ್ನನ್ನು ಕರೆದ ಹೆಸರನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ನಗು ಅಂಗಳ ತುಂಬಿತು. ದೊಡ್ಡಮ್ಮನಿಗೂ ಎಲೆ ಹಾಕಿದರು. ಆ ಗದ್ದಲದ ನಡುವೆ ಚಿನ್ನು ಅಜ್ಜನ ಮುಂಡು ಜಗ್ಗಿದಳು. ಈಗ ಹೇಳುವುದನ್ನು ನಾನು ಮೇಜಿನ ಬಲಬದಿಯ ಕಂಬಕ್ಕೆ ಒರಗಿ ನಿಂತು, ಕೈಯಳತೆಯ ದೂರದಿಂದ ಕೇಳಿದ್ದೇನೆ.

"ಅಜ್ಜ, ಅಜ್ಜಿಗೆ ಮಾಡಿದ್ದೂ ಹೀಗೇನಾ?"

"ಹೌದು ಮಗಾ. ಹೀಗೇ."

"ತುಂಬ ಜನ ಬಂದಿದ್ದರಾ?"

"ತುಂಬ."

"ನೀವು ಎಲ್ಲಿ ಕೂತದ್ದು?"

ಅಕ್ಕನ ಬೊಜ್ಜದ ದಿನ ನಾನು ಅಲ್ಲೇ ಇದ್ದೆ. ಬೆಳಿಗ್ಗೆಯಿಂದ ಅವರು ಹಗ್ಗ ಬಿಗಿದರು, ಬಡಿಸಿದರು, ಬಂದವರನ್ನು ಕೂರಿಸಿದರು, ಕಡೆಗೆ ಪಾತ್ರೆ ಎಣಿಸಿ ಟೆಂಪೊಗೆ ತುಂಬಿದರು. ಬೇರೆ ಯಾರದೋ ಮನೆಯ ಕೆಲಸಕ್ಕೆ ಬಂದವರ ಹಾಗೆ.

"ಕೂರ್ಲಿಲ್ಲ ಮಗಾ" ಎಂದರು. "ಕುರ್ಚಿ ಕಡಿಮೆ ಬಿತ್ತು."

ಮೂಡುಬಿದಿರೆ ತಾಲೂಕಿಗೆಲ್ಲ ಕುರ್ಚಿ ಕೊಡುವ ಮನುಷ್ಯ ಹೇಳಿದ ಮಾತು ಇದು. ಯಾರೂ ನಗಲಿಲ್ಲ. ಚಿನ್ನು ಹೋಗಿ ಒಂದು ಕುರ್ಚಿ ಎಳೆದು ತಂದಳು. ಫೋಟೊದ ಎದುರಿಗಲ್ಲ, ಅಕ್ಕ ಮಲಗುತ್ತಿದ್ದ ಕೋಣೆಯ ಕಿಟಕಿಯ ಕಡೆ ಮುಖ ಮಾಡಿ ಇಟ್ಟಳು. ಇನ್ನೊಂದನ್ನು ತಂದು ಅದಕ್ಕೆ ತಾಗಿಸಿ ಇಟ್ಟಳು.

"ಈಗ ಉಂಟಲ್ಲ. ಕೂತುಕೊಳ್ಳಿ ಅಜ್ಜ."

ಭಾವ ಕೂತರು. ಮೊದಲು ಅತ್ತದ್ದು ಅವರು. ಸಣ್ಣ ಮಕ್ಕಳ ಹಾಗೆ, ಬಾಯಿ ತೆರೆದು, ಸದ್ದು ಮಾಡಿ. ಚಿನ್ನು ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದಳು. ಆಮೇಲೆ, "ನನ್ನನ್ನು ಯಾಕೆ ಬೆಳ್ತಂಗಡಿಗೆ ಕಳಿಸಿದ್ದು? ನನ್ನನ್ನು ಯಾಕೆ ಕಳಿಸಿದ್ದು?" ಎಂದು ಅವರ ಭುಜಕ್ಕೆ ಹೊಡೆದಳು. ಹೊಡೆಯುತ್ತಲೇ ಅವರ ಕುತ್ತಿಗೆಗೆ ಬಿದ್ದು ಅತ್ತಳು. "ತಪ್ಪಾಯ್ತು ಮಗಾ, ತಪ್ಪಾಯ್ತು" ಎನ್ನುತ್ತಿದ್ದರು ಭಾವ. ಸಾಕು, ಸುಮ್ಮನಿರು ಎಂದು ಯಾರೂ ಹೇಳಲಿಲ್ಲ. ಹೇಳಲು ಹೊರಟಿದ್ದ ನನ್ನ ಕೈಯನ್ನು ದೊಡ್ಡಮ್ಮ ಬಿಗಿಯಾಗಿ ಹಿಡಿದುಕೊಂಡಿದ್ದರು.

ಇದನ್ನು ನಾನೊಬ್ಬನೇ ನೋಡಿದ್ದಲ್ಲ. ವಿಟ್ಲದ ದೊಡ್ಡಮ್ಮ ನೋಡಿದ್ದಾರೆ. ಅವರಿಗೆ ಈಗ ಕಿವಿ ಮಂದ, ಕಣ್ಣು ಚುರುಕು. ಎದುರು ಅಂಗಡಿಯ ಕಾಕ ನೋಡಿದ್ದಾರೆ. ಬೆಳಿಗ್ಗೆ ಆರರಿಂದ ಅಲ್ಲೇ ಇರುತ್ತಾರೆ, ಬೇಕಾದರೆ ಕೇಳಿ. ಚಿನ್ನು ಈಗ ಮೂರನೇ ಕ್ಲಾಸು. ಅವಳ ಅಜ್ಜ ದೇವರ ದಯೆಯಿಂದ ಗಟ್ಟಿಮುಟ್ಟಾಗಿ ಇದ್ದಾರೆ.