ಬೆಚ್ಚಗಿಡಬೇಕಾಗಿದ್ದ ಫ್ರಿಜ್ ಸಾಹೇಬರ ಸನ್ನಿಧಿಗೆ

ಇವರಿಗೆ,
ಶ್ರೀಮಾನ್ ಸೌರ ಫ್ರಿಜ್ ಸಾಹೇಬರು,
ಲಸಿಕೆ ಕೋಣೆ, ಆರೋಗ್ಯ ಉಪಕೇಂದ್ರ,
ಸ್ಕುಂಪಾ ಗ್ರಾಮ, ಝನ್ಸ್ಕಾರ್ ಕಣಿವೆ, ಲಡಾಖ್.

ಮಾನ್ಯರೇ,

ಜುಲೇ. ತಮ್ಮ ಬಿಳಿಯ ಮೈಗೆ, ಗಟ್ಟಿಯಾದ ಹಿಡಿಕೆಗೆ, ಮನಸ್ಸಿದ್ದಾಗ ತಾವು ಉರಿಸುವ ಹಸಿರು ದೀಪಕ್ಕೆ ಮತ್ತು ಮನಸ್ಸಿಲ್ಲದಾಗ ಉರಿಸುವ ಕೆಂಪು ದೀಪಕ್ಕೆ ಬೇರೆ ಬೇರೆಯಾಗಿ ನಮಸ್ಕಾರಗಳು. ತಾವು ಮತ್ತೆ ಗುರ್ ಎನ್ನುತ್ತಿದ್ದೀರೆಂದು ಈಗಷ್ಟೇ ಕೋಣೆಗೆ ಹೋಗಿ ಕಿವಿಗೊಟ್ಟು ಖಚಿತಪಡಿಸಿಕೊಂಡು ಬಂದೆ. ತಮ್ಮ ಆರೋಗ್ಯ ಸುಧಾರಿಸಿದ್ದಕ್ಕೆ ಊರಿನವರೆಲ್ಲರ ಪರವಾಗಿ ಸಂತೋಷ ವ್ಯಕ್ತಪಡಿಸುತ್ತಾ, ತಮ್ಮ ಅನಾರೋಗ್ಯದ ದಿನಗಳಲ್ಲಿ ನಡೆದ ಒಂದು ಚಿಕ್ಕ ಸಂಗತಿಯನ್ನು ತಮ್ಮ ಗಮನಕ್ಕೆ ತರಲು ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಇದನ್ನು ತಮ್ಮ ಬಾಗಿಲಿನ ಮೇಲೆಯೇ ಅಂಟಿಸುತ್ತಿರುವುದರಿಂದ ತಲುಪಲಿಲ್ಲವೆಂದು ತಾವು ಹೇಳುವಂತಿಲ್ಲ.

ತಾವು ಬೇಸಿಗೆಯಲ್ಲಿ ಕುದುರೆಯ ಬೆನ್ನೇರಿ ಈ ಊರಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಊರಿನ ಮುಖಂಡತನ ಮನೆಯಿಂದ ಮನೆಗೆ ಸರದಿಯಂತೆ ಹೋಗುವ ನಮ್ಮಲ್ಲಿ ಈ ವರ್ಷ ಗೋಬಾ ಆಗಿರುವ ಮುತುಪ್, ದೊಡ್ಡ ಲಾಮಾ ಬಂದಾಗ ಮಾಡುವ ಹಾಗೆಯೇ ತಮಗೆ ಬಿಳಿಯ ಖತಾಗ್ ವಸ್ತ್ರ ಹೊದಿಸಿ ಸ್ವಾಗತಿಸಿದರು. ಬಿಸಿಲನ್ನು ಹೀರಿ ತಮಗೆ ಅನ್ನ ಹಾಕುವ ಮಾಳಿಗೆಯ ಫಲಕ ಬೇಸರಪಟ್ಟೀತೆಂದು ಅದಕ್ಕೂ ಒಂದು ಖತಾಗ್ ಕಟ್ಟಿದರು. ಅದನ್ನು ಬಿಚ್ಚಬೇಕೆಂದು ನಾನು ಎರಡು ಸಲ ಹೇಳಿದೆ. ಗೌರವಕ್ಕೆ ಕಟ್ಟಿದ ವಸ್ತ್ರವನ್ನು ಬಿಚ್ಚುವ ಕೈ ಈ ಊರಿನಲ್ಲಿ ಯಾರಿಗೂ ಇಲ್ಲ, ನನಗೂ ಇರಲಿಲ್ಲ.

ನಮ್ಮಲ್ಲಿ ಚಳಿಗಾಲಕ್ಕೆ ನದಿಯೇ ರಸ್ತೆಯಾಗುತ್ತದೆ, ಬಾವಿಯ ಹಗ್ಗ ದೊಣ್ಣೆಯಾಗುತ್ತದೆ. ಇಂಥ ಊರಿಗೆ ತಣ್ಣಗಿಡುವ ಪೆಟ್ಟಿಗೆಯೊಂದನ್ನು ಕಳುಹಿಸಿದ ಸರ್ಕಾರದ ಬುದ್ಧಿಯನ್ನು ಜನ ಮೊದಮೊದಲು ಬಹಳ ಕೊಂಡಾಡಿದರು. ಲಸಿಕೆಗೆ ಚಳಿ ಬೇಕು, ಆದರೆ ಹೆಪ್ಪುಗಟ್ಟುವಷ್ಟು ಬೇಡ, ಎರಡಕ್ಕೂ ಎಂಟಕ್ಕೂ ನಡುವಿನ ಡಿಗ್ರಿಯಲ್ಲಿ ಅದು ಕೂತಿರಬೇಕು, ಆದ್ದರಿಂದ ಬೇಸಿಗೆಯಲ್ಲಿ ತಣ್ಣಗಿಡುವುದೂ ಚಳಿಗಾಲದಲ್ಲಿ ಬೆಚ್ಚಗಿಡುವುದೂ ತಮ್ಮ ಕೆಲಸವೆಂದು ನಾನು ಮನೆಮನೆಗೆ ಹೋಗಿ ವಿವರಿಸಿದೆ. ಜನರಿಗೆ ಅದರಲ್ಲಿ ಅರ್ಧ ಮಾತ್ರ ಅರ್ಥವಾಯಿತು, ಅದೂ ಅವರಿಗೆ ಬೇಕಾದ ಅರ್ಧ. ಹೊರಗೆ ಉಗುಳಿದ್ದು ನೆಲ ಮುಟ್ಟುವಷ್ಟರಲ್ಲಿ ಗಟ್ಟಿಯಾಗುವ ಕಾಲದಲ್ಲೂ ತಮ್ಮ ಹೊಟ್ಟೆಯೊಳಗೆ ನೀರು ನೀರಾಗಿಯೇ ಇರುತ್ತದೆಂಬ ಸುದ್ದಿ ಹಬ್ಬಿ, ಮೇಷ್ಟ್ರು ಶಾಯಿ ಬಾಟಲಿ ಹಿಡಿದು ಬಂದರು, ಗೊಂಪದಿಂದ, ಅಂದರೆ ಲಾಮಾಗಳ ಮಠದಿಂದ, ತೀರ್ಥದ ತಂಬಿಗೆ ಬಂತು, ಮೆಮೆ ಪುಂಚೋಕ್ ಅಜ್ಜ ತಲೆಗೆ ಹಚ್ಚುವ ಎಣ್ಣೆಯೊಂದಿಗೆ ಖುದ್ದಾಗಿ ಬಂದು ಅರ್ಧ ಗಂಟೆ ಕೂತರು. ಅವರ ತಲೆಯಲ್ಲಿ ಒಂದು ಕೂದಲೂ ಇಲ್ಲ. ಫ್ರಿಜ್ಜಿನಲ್ಲಿ ಲಸಿಕೆ ಬಿಟ್ಟು ಬೇರೇನೂ ಇಡಬಾರದೆಂಬ ನಿಯಮವನ್ನು ಗೋಡೆಯ ಮೇಲೆ ತೋರಿಸಿ ಎಲ್ಲರನ್ನೂ ವಾಪಸು ಕಳುಹಿಸಿದೆ. ತಮ್ಮ ಮಾನ ಕಾಯಲು ಊರಿನ ಅರ್ಧ ಮಂದಿಯ ಮುನಿಸು ಕಟ್ಟಿಕೊಂಡೆನೆಂಬುದನ್ನು ತಾವು ಮರೆಯಬಾರದು.

ವಾಪಸು ಹೋದವರಲ್ಲಿ ಅತ್ಯಂತ ಗಟ್ಟಿ ಕುಳ ಎಂದರೆ ನಮ್ಮ ಪಕ್ಕದ ಮನೆಯ ಆಬಿ ಕುನ್ಜೆಸ್ ಅಜ್ಜಿ. ಮೂಲಂಗಿ ತಂದಿದ್ದರು. ಮೂಲಂಗಿ ಇಡಲು ಆಕೆಗೆ ತಮ್ಮ ಅಗತ್ಯ ಖಂಡಿತ ಇರಲಿಲ್ಲ. ಮನೆಯ ಹಿಂದೆ ಆಳವಾಗಿ ತೋಡಿ, ಮರಳು ಹರಡಿ, ಹುಲ್ಲು ಮುಚ್ಚಿ, ಮೇಲೆ ಕಲ್ಲು ಚಪ್ಪಡಿ ಎಳೆದ ತರಕಾರಿ ಗುಂಡಿ ಇಲ್ಲಿ ಎಲ್ಲರಿಗೂ ಇದೆ, ಆಕೆಯದು ಊರಿಗೇ ಹೆಸರಾದದ್ದು. ಸುಮ್ಮನೆ ತಮ್ಮ ಯೋಗ್ಯತೆ ಅಳೆಯಲು ಬಂದಿದ್ದರು. ನಿಯಮ ತೋರಿಸಿದಾಗ, “ಒಂದು ಮೂಲಂಗಿ ಇಟ್ಕೊಳಕ್ಕೆ ಆಗದೇ ಇರೋನು ಔಷಧಿ ಏನ್ ಕಾಯ್ತಾನೆ ಬಿಡು ನೋಮೋ” ಎಂದು ಗೊಣಗಿ ಹೊರಟುಹೋದರು. ನೋಮೋ ಎಂದರೆ ತಂಗಿ, ಅದು ನಾನು. ಬೈಯುವಾಗ ಆಕೆ ಯಾವಾಗಲೂ ತಂಗಿ ಎಂದೇ ಬೈಯುವುದು.

ಆಕೆಗೆ ತಮ್ಮ ಮೇಲೆ ಇನ್ನೊಂದು ಸಿಟ್ಟೂ ಇತ್ತು. ಕಣಿವೆಯ ದಾರಿ ಮುಚ್ಚುವ ಮೊದಲು ಆಕೆಯ ಮೊಮ್ಮಗಳು ಚುಸ್ಕಿತ್‌ಗೆ ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯುಗಳಿಂದ ಕಾಯುವ ಲಸಿಕೆಯ ಮೊದಲ ಸರದಿ ಹಾಕಿದ್ದೆ. ಮಗುವಿಗೆ ಜ್ವರ ಬಂತು, ತೊಡೆ ಊದಿತು, ಬೆಳಗಾಗುವ ತನಕ ಅತ್ತಿತು. ಹೀಗಾಗುವುದುಂಟು, ಮರುದಿನ ಸರಿಹೋಗುತ್ತದೆ ಎಂದೆ, ಸರಿಯೂ ಹೋಯಿತು. ಆದರೆ ಆಬಿ ಮಾತ್ರ, “ನಗ್ತಾ ಇದ್ದ ಕೂಸನ್ನ ಚುಚ್ಚಿ ಅಳಿಸೋದು ಯಾವ ಸೀಮೆ ವೈದ್ಯ? ಆ ಬಿಳೀ ಪೆಟ್ಟಿಗೆಯಿಂದ ಬಂದಿದ್ದು ಇನ್ನೊಂದು ಸಲ ನಮ್ಮನೆ ಹೊಸ್ತಿಲು ದಾಟಲ್ಲ” ಎಂದು ತೀರ್ಪು ಕೊಟ್ಟುಬಿಟ್ಟರು. ಎರಡನೆಯ ಸರದಿಯ ದಿನ ಹತ್ತಿರ ಬರುತ್ತಿತ್ತು. ಚುಸ್ಕಿತ್ ಜೊತೆಗೆ ಊರಿನಲ್ಲಿ ಇನ್ನೂ ಕೆಲವು ಕೂಸುಗಳಿದ್ದವು, ಅವರೆಲ್ಲರಿಗೂ ಬೇಕಾದಷ್ಟು ಶೀಶೆಗಳು ತಮ್ಮೊಳಗಿದ್ದವು, ಅವು ಕೆಟ್ಟರೆ ಹಿಮ ಕರಗಿ ದಾರಿ ತೆರೆಯುವ ತನಕ ಒಂದು ಹನಿಯೂ ಬರುವಂತಿರಲಿಲ್ಲ. ಹಿಂದೊಂದು ಚಳಿಗಾಲ ಕೆಳಗಿನ ಕೇರಿಯಲ್ಲಿ ನಾಯಿಕೆಮ್ಮು ಹಬ್ಬಿದಾಗ ಒಂದು ಕೂಸು ನನ್ನ ಮಡಿಲಲ್ಲೇ ಕೆಮ್ಮಿ ಕೆಮ್ಮಿ ನೀಲಿಯಾಗಿ ಹೋಯಿತು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ತಮ್ಮ ಹಸಿರು ದೀಪವನ್ನು ನಾನು ದಿನಕ್ಕೆ ಅಷ್ಟು ಸಲ ಬಂದು ನೋಡುತ್ತಿದ್ದದ್ದು ಪ್ರೀತಿಯಿಂದಲ್ಲ, ಹೆದರಿಕೆಯಿಂದ.

ಹೀಗಿರುವಾಗ ಮೇಲಿನ ಹಳ್ಳಿಯಲ್ಲಿ ಹೆರಿಗೆಯೊಂದಕ್ಕೆ ಕರೆ ಬಂತು. ಕೋಣೆಯ ಕೀಲಿಯನ್ನು ಮುತುಪ್ ಕೈಗೆ ಕೊಟ್ಟು ಹೋದೆ. ನಾನು ಅತ್ತ ತಲುಪುತ್ತಲೇ ಹಿಮ ಸುರಿಯತೊಡಗಿತು. ಇತ್ತ ತಾವು, ಹೆರಿಗೆ ಮುಗಿಸಿ ನಾನು ಬರುವವರೆಗಾದರೂ ತಡೆದುಕೊಳ್ಳುವ ಸೌಜನ್ಯ ತೋರದೆ, ರಜೆಯ ಅರ್ಜಿಯನ್ನೂ ಕೊಡದೆ, ಕೆಂಪು ದೀಪ ಉರಿಸಿ ಮೌನವ್ರತಕ್ಕೆ ಕುಳಿತಿರಿ. ಬೇರೆ ಫಲಕವಾಗಿದ್ದರೆ ಹಿಮ ಜಾರಿ ಬೀಳುತ್ತಿತ್ತು. ತಮ್ಮ ಫಲಕದ ಮೇಲೆ ಮಾತ್ರ ಅದು ಖತಾಗ್ ಹಿಡಿದುಕೊಂಡು ಹೆಪ್ಪುಗಟ್ಟಿ ಕೂತಿತ್ತು. ಇಷ್ಟೊಂದು ಗೌರವಕ್ಕೆ ಪಾತ್ರವಾಗಿ ನಿಂತುಹೋದ ಯಂತ್ರ ಭೂಮಿಯ ಮೇಲೆ ಇನ್ನೊಂದಿರಲಾರದು, ಅಭಿನಂದನೆಗಳು.

ಮುಂದೆ ನಡೆದದ್ದನ್ನು ಕಣ್ಣಾರೆ ಕಂಡವರ ಬಾಯಿಂದ ಕೇಳಿ ಬರೆಯುತ್ತಿದ್ದೇನೆ. ಕೆಂಪು ದೀಪ ಕಂಡ ಮುತುಪ್ ಗಾಬರಿಬಿದ್ದು, ಶೀಶೆಗಳನ್ನೆಲ್ಲ ನಾನು ಹಳ್ಳಿಗಳಿಗೆ ಹೊತ್ತುಕೊಂಡು ಹೋಗುವ ನೀಲಿ ಡಬ್ಬಿಗೆ ತುಂಬಿ, ಪಕ್ಕದಲ್ಲೇ ಇದ್ದ ಆಬಿಯ ಮನೆಗೆ ಒಯ್ದು ಉಗ್ರಾಣದಲ್ಲಿಟ್ಟರು. ಊರ ಹಿರಿಯರೆಲ್ಲ ಆಕೆಯ ಅಡುಗೆಮನೆಯ ಒಲೆ ಸುತ್ತ ಸೇರಿ, ಬೆಣ್ಣೆ ಚಹಾ ಕುಡಿಯುತ್ತ ಸಭೆ ನಡೆಸಿದರು. “ಲಸಿಕೆಗೆ ಚಳಿ ಬೇಕು ಅಂತ ಅಚೆ ಹೇಳ್ಲಿಲ್ವಾ?” ಎಂದರಂತೆ ಮುತುಪ್. ಅಚೆ ಎಂದರೆ ಅಕ್ಕ, ಅದೂ ನಾನೇ. “ಚಳಿಗೇನ್ರಪ್ಪಾ ಬರ, ಬಾಗಿಲು ತೆಗೆದ್ರೆ ರಾಶಿ ರಾಶಿ ಬಿದ್ದಿದೆ” ಎಂದು ಮೆಮೆ ಪುಂಚೋಕ್ ಒಲೆಗೆ ಕೈ ಚಾಚಿಕೊಂಡೇ ಅನುಮೋದಿಸಿದರಂತೆ. ಬಿಸಿಲೇ ಬೀಳದ ಗೊಂಪದ ಹಿಂಗೋಡೆಯ ನೆರಳಿನಲ್ಲಿ, ಊರಿನಲ್ಲೇ ಅತ್ಯಂತ ತಣ್ಣಗಿರುವ ಜಾಗದಲ್ಲಿ, ಡಬ್ಬಿಯನ್ನು ಮಂಜಿನೊಳಗೆ ಹೂಳಬೇಕೆಂದು ಒಮ್ಮತದಿಂದ ನಿರ್ಣಯವಾಯಿತು. ತಮ್ಮ ಜಾಗಕ್ಕೆ ಇಡೀ ಹಿಮಾಲಯವನ್ನು ತಾತ್ಕಾಲಿಕವಾಗಿ ನೇಮಿಸಿದರೆಂದು ತಿಳಿಯತಕ್ಕದ್ದು.

ನಾನು ವಾಪಸು ಬಂದಾಗ ಮನೆಗೊಬ್ಬರಂತೆ ಸರದಿಯಲ್ಲಿ ಆ ಡಬ್ಬಿಯನ್ನು ಕಾಯುತ್ತಿದ್ದರು. ನರಿ ನಾಯಿ ಮುಟ್ಟದಂತೆ ಸುತ್ತ ಕಲ್ಲು ಜೋಡಿಸಿದ್ದರು. ನಾನು ಬಂದ ಸುದ್ದಿ ಕೇಳಿ ಆಬಿ ಸಮೇತ ಊರೆಲ್ಲ ಅಲ್ಲಿ ಬಂದು ಸೇರಿತು. ಗೋಂಚಾ ನಿಲುವಂಗಿಯ ಮೇಲೆ ಎರಡು ಕಂಬಳಿ ಸುತ್ತಿಕೊಂಡು, ಮೀಸೆಯ ಮೇಲೆ ಮಂಜು ಹೊತ್ತು ನಿಂತಿದ್ದ ಮುತುಪ್ ಹೆಮ್ಮೆಯಿಂದ, “ನೋಡಿ ಅಚೆ, ನಿಮ್ಮ ಪೆಟ್ಟಿಗೆ ಕೈ ಕೊಟ್ರೂ ನಾವು ಕೊಡ್ಲಿಲ್ಲ. ಕಲ್ಲು ಹಾಗೆ ತಣ್ಣಗಿಟ್ಟಿದೀವಿ” ಎಂದರು. ಒಮ್ಮೆ ಹೆಪ್ಪುಗಟ್ಟಿದ ಈ ಲಸಿಕೆ ಆಮೇಲೆ ಕರಗಿದರೂ ಸತ್ತ ನೀರೇ, ನೋಡಲು ಮಾತ್ರ ಲಸಿಕೆಯಂತೆಯೇ ಇರುತ್ತದೆ. ಅಷ್ಟು ಜನ ಚಳಿಯಲ್ಲಿ ನಡುಗುತ್ತ, ಅಷ್ಟು ಪ್ರೀತಿಯಿಂದ, ಕೂಸುಗಳ ಲಸಿಕೆಯನ್ನು ಕೊಂದುಹಾಕಿದ್ದರು. ಯಾರನ್ನು ಬೈಯಲಿ? ನಾನು ಅಲ್ಲೇ ಮಂಜಿನ ಮೇಲೆ ಕೂತು ಅತ್ತುಬಿಟ್ಟೆ. ಸಂತೋಷಕ್ಕೆ ಅಳುತ್ತಿದ್ದೇನೆಂದು ಅವರು ಸ್ವಲ್ಪ ಹೊತ್ತು ತಿಳಿದುಕೊಂಡಿದ್ದರು.

ಕೊನೆಗೆ ಡಬ್ಬಿ ತೆರೆದೆ. ಒಳಗೆ ಆಲೂಗಡ್ಡೆ ಇದ್ದವು. ಗೋಲಿಯ ಹಾಗಿದ್ದ, ಹುಳುಕು ಹಿಡಿದ, ಕಲ್ಲಿನಂತೆ ಹೆಪ್ಪುಗಟ್ಟಿದ ಆಲೂಗಡ್ಡೆಗಳು, ಡಬ್ಬಿಯ ತುಂಬ. ಒಂದೇ ಒಂದು ಶೀಶೆಯೂ ಇರಲಿಲ್ಲ.

ಮುತುಪ್ ಮುಖ ಹೇಗಾಯಿತೆಂಬುದನ್ನು ಬರೆಯುವ ಶಕ್ತಿ ನನಗಿಲ್ಲ. “ನನ್ನ ಕಿವಿ ಮರಗಟ್ಟಿಸ್ಕೊಂಡು ಕಾಯ್ದಿದ್ದು ಇದನ್ನಾ?” ಎಂದು ಒಂದು ಆಲೂಗಡ್ಡೆ ಎತ್ತಿ ಹಿಡಿದು ಕೇಳಿದರು. ಉಗ್ರಾಣದಲ್ಲಿ ಡಬ್ಬಿ ಒಂಟಿಯಾಗಿದ್ದದ್ದು ಸಭೆ ನಡೆಯುತ್ತಿದ್ದಷ್ಟು ಹೊತ್ತು ಮಾತ್ರ ಎಂದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಎಲ್ಲರ ತಲೆಯೂ ಆಬಿ ಕುನ್ಜೆಸ್ ಕಡೆಗೆ ತಿರುಗಿತು. ಆಕೆ ಜಪಮಾಲೆ ತಿರುಗಿಸುತ್ತಲೇ, “ಹೂಂ, ನಾನೇ ತೆಗೆದೆ. ಚುಚ್ಚೋ ದಿನ ಕಳೀಲಿ, ಆಮೇಲೆ ಕೊಡೋಣ ಅಂತ. ಸರ್ಕಾರದ ಸಾಮಾನು, ನಂಗ್ಯಾಕೆ? ಒಳ್ಳೇ ಆಲೂಗಡ್ಡೆ ಏನೂ ಹಾಕಿಲ್ಲ, ಹುಳುಕಾಗಿದ್ದನ್ನೇ ಆರಿಸಿ ಹಾಕಿದೀನಿ” ಎಂದರು.

ನನಗೆ ಬೈಯಬೇಕೋ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ. ಎಲ್ಲಿಟ್ಟಿದ್ದೀರಿ ಎಂದಷ್ಟೇ ಕೇಳಿದೆ. ಆಕೆ ಹಿತ್ತಿಲಿಗೆ ನಡೆದು, ಚಪ್ಪಡಿ ಸರಿಸಿ, ಹುಲ್ಲು ತೆಗೆದು, ಗುಂಡಿಗೆ ಇಳಿದರು. ಮೂಲಂಗಿಗಳ ನಡುವೆ, ಹಳೆಯ ಉಣ್ಣೆಯ ಕಾಲುಚೀಲದೊಳಗೆ, ಶೀಶೆಗಳೆಲ್ಲ ಮಲಗಿದ್ದವು. ಅವುಗಳ ಜೊತೆಗೆ, ನಾನು ಶೀಶೆಗಳ ನಡುವೆ ಸದಾ ಇಡುವ, ಹೆಪ್ಪುಗಟ್ಟಿದರೆ ತಪ್ಪು ಗುರುತನ್ನೂ ಇಲ್ಲದಿದ್ದರೆ ಸರಿ ಗುರುತನ್ನೂ ತೋರಿಸುವ ಬೆರಳುದ್ದದ ಯಂತ್ರವೂ ಇತ್ತು. “ಅದು ಕಣ್ಣು ಮಿಟುಕಿಸ್ತಾ ಇತ್ತು. ಹೊರಗೆ ಬಿಟ್ರೆ ನಿಂಗೆ ಚಾಡಿ ಹೇಳುತ್ತೆ ಅಂತ ಅದನ್ನೂ ಹೂತಿಟ್ಟೆ” ಎಂದರು ಆಬಿ. ಯಂತ್ರ ಸರಿ ಗುರುತನ್ನು ತೋರಿಸುತ್ತಿತ್ತು. ಕಾಲುಚೀಲದೊಳಗೆ ನನ್ನ ಉಷ್ಣಮಾಪಕ ತೂರಿಸಿ ಕಾದೆ, ನಾಲ್ಕು ಡಿಗ್ರಿ. ಮಾನ್ಯರೇ, ನಾಲ್ಕು. ತಾವು ಹಸಿರು ದೀಪ ಉರಿಸಿ, ಗುರುಗುಟ್ಟಿ, ಬೆವರಿ, ಬಿಸಿಲು ತಿಂದು, ತಮ್ಮ ಬದುಕಿನ ಅತ್ಯುತ್ತಮ ದಿನದಂದು ಕೊಡುವ ಅಂಕ ಅದು.

ಆದರೂ ನನ್ನ ಎದೆಯ ಭಾರ ಪೂರ್ತಿ ಇಳಿದಿರಲಿಲ್ಲ. ಲಸಿಕೆ ಉಳಿದಿತ್ತು, ಆದರೆ ಅದನ್ನು ಉಳಿಸಿದಾಕೆಯ ಮೊಮ್ಮಗಳಿಗೇ ಅದು ಸಿಗದೇ ಹೋಗುವ ಹಾಗಿತ್ತು. ಉಳಿದ ಕೂಸುಗಳಿಗೆ ಹಾಕಿ ಮುಗಿಸಿದೆ. ಚುಸ್ಕಿತ್ ಬರಲಿಲ್ಲ. ಕೆಳಗಿನ ಕೇರಿಯ ಕೂಸಿನ ಕೆಮ್ಮನ್ನು ಆಬಿಗೆ ನೆನಪಿಸಲು ಹೊಸ್ತಿಲ ತನಕ ಹೋಗಿ ಬಾಯಿ ಬರದೆ ಹಿಂದಿರುಗಿದೆ. ಕೊನೆಯ ಶೀಶೆಯನ್ನು ಎತ್ತಿಡುವಷ್ಟರಲ್ಲಿ ಬಾಗಿಲಲ್ಲಿ ಆಬಿ, ಬೆನ್ನಿಗೆ ಕಟ್ಟಿಕೊಂಡ ಕೂಸಿನೊಂದಿಗೆ ನಿಂತಿದ್ದರು. “ಅದೇ ತಾನೇ, ನನ್ನ ಗುಂಡಿಯಲ್ಲಿದ್ದಿದ್ದು?” ಎಂದು ಕೇಳಿದರು. ಅದೇ ಎಂದೆ. ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದರು, ಮೂಗಿಗೆ ಹಿಡಿದು ಮೂಸಿದರು. “ಹಾಗಾದ್ರೆ ಹಾಕು. ನನ್ನ ಗುಂಡಿಯಿಂದ ಬಂದಿದ್ದು ಇವತ್ತಿನ ತನಕ ಯಾರ ಹೊಟ್ಟೆನೂ ಕೆಡಿಸಿಲ್ಲ.” ಚುಚ್ಚಿದಾಗ ಚುಸ್ಕಿತ್ ಅತ್ತಳು, ಆಬಿಯೂ ಅತ್ತರು, ಮುಚ್ಚುಮರೆಯೇಕೆ, ನಾನೂ ಅತ್ತೆ. ಜ್ವರವೂ ಬಂತು. ಈ ಸಲ ಆಬಿ, “ಮೂಲಂಗಿ ಸ್ವಲ್ಪ ಉಷ್ಣ, ಹಂಗಾಗತ್ತೆ, ನಾಳೆ ಹೋಗತ್ತೆ” ಎಂದು ಸೊಸೆಗೆ ಸಮಾಧಾನ ಹೇಳಿದರಂತೆ.

ಇದಿಷ್ಟೂ ತಮ್ಮ ಮೇಲಿನ ದೂರಲ್ಲ, ತಮ್ಮ ಗೈರುಹಾಜರಿಗೆ ಸಲ್ಲಿಸುವ ಕೃತಜ್ಞತೆ. ತಾವು ನಿಲ್ಲದೆ ಹೋಗಿದ್ದರೆ ಚುಸ್ಕಿತ್ ತಮ್ಮ ಕೋಣೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದ್ದರಿಂದ ಕೆಲವು ಸಣ್ಣ ಬಿನ್ನಹಗಳನ್ನು ಮಾತ್ರ ಮುಂದಿಡುತ್ತೇನೆ. ಮುಂದಿನ ಸಲ ನಿಲ್ಲುವ ಮೊದಲು ಹೆರಿಗೆ ಯಾವ ದಿನವೆಂದು ಗರ್ಭಿಣಿಯರನ್ನು ವಿಚಾರಿಸಿಕೊಂಡು ತಮ್ಮ ರಜೆಯನ್ನು ಗೊತ್ತುಮಾಡಬೇಕು. ಹಿಮ ಬೀಳುವ ದಿನ ತಾವೇ ಮಾಳಿಗೆ ಹತ್ತಿ ಫಲಕವನ್ನು ಗುಡಿಸಿಕೊಳ್ಳಬೇಕು, ಪೊರಕೆಯನ್ನು ಬಾಗಿಲ ಹಿಂದೆ ಇಟ್ಟಿದ್ದೇನೆ. ಇವೆರಡೂ ಕಷ್ಟವೆನಿಸಿದರೆ, ಒಂದು ಚಳಿಗಾಲ ಆಬಿ ಕುನ್ಜೆಸ್ ಅವರ ಗುಂಡಿಯಲ್ಲಿ ಮೂಲಂಗಿಗಳ ಕೈಕೆಳಗೆ ತರಬೇತಿ ಪಡೆದು ಬರಬೇಕು. ಫಲಕದ ಖತಾಗನ್ನು ಮುತುಪ್ ಖುದ್ದಾಗಿ, ಮೂರು ಸಲ ಕ್ಷಮೆ ಕೇಳಿ, ಬಿಚ್ಚಿದ್ದಾರೆ. ಅದೀಗ ಗುಂಡಿಯ ಚಪ್ಪಡಿಯ ಮೇಲಿದೆ. ತಾವು ಬೇಸರಿಸಿಕೊಳ್ಳಬಾರದು.

ಇಷ್ಟಾದರೂ ಬೇರೆ ಗತಿಯಿಲ್ಲದೆ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಇಶೇ ಯಾಂಗ್‌ಡೋಲ್
ಆರೋಗ್ಯ ಕಾರ್ಯಕರ್ತೆ, ಸ್ಕುಂಪಾ

ತಾ.ಕ.: ತಮ್ಮ ಕೆಳಗಿನ ತಟ್ಟೆಯ ಬಲ ಮೂಲೆಯಲ್ಲಿ ಒಂದು ಮೂಲಂಗಿ ಇರುವುದನ್ನು ತಾವು ಗಮನಿಸಿರಬಹುದು. ತಮ್ಮೊಳಗೆ ಆಹಾರ ಪದಾರ್ಥ ಇಡಬಾರದೆಂಬ ನಿಯಮ ಗೋಡೆಯ ಮೇಲೆ ಹಾಗೆಯೇ ಇದೆ, ಅದನ್ನು ನಾನು ಮುರಿದಿಲ್ಲ. ಅದು ಆಹಾರವಲ್ಲ, ಆಬಿ ನೇಮಿಸಿದ ಮೇಲಧಿಕಾರಿ. ಚುಸ್ಕಿತ್‌ಳ ಮೂರನೆಯ ಸರದಿಯ ದಿನ ಆಬಿ ಬಂದು ಮೊದಲು ಅದನ್ನು ಕಚ್ಚಿ ನೋಡುತ್ತಾರೆ, ಆಮೇಲೆ ಕೂಸನ್ನು ಬೆನ್ನಿನಿಂದ ಇಳಿಸುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ದಯವಿಟ್ಟು ಅದನ್ನು ಚೆನ್ನಾಗಿ ನೋಡಿಕೊಳ್ಳಿ.