ಸಿಹಿಯಲ್ಲ ಎಂಬ ಮೊಹರು

ಮಧುಮೇಹ ನಿಯಂತ್ರಣ ಕಚೇರಿಯ ನಲವತ್ತೊಂದು ನೌಕರರಲ್ಲಿ ಮೂವತ್ತಮೂರು ಮಂದಿಗೆ ಮಧುಮೇಹವಿದೆ. ವಿಷಯಜ್ಞಾನ ಇಷ್ಟು ಆಳವಾಗಿರುವ ಕಚೇರಿ ಇನ್ನೊಂದಿಲ್ಲವೆಂದು ವಾರ್ಷಿಕ ವರದಿಯಲ್ಲೇ ದಾಖಲಾಗಿದೆ.

ಆ ಮೂವತ್ತಮೂರರಲ್ಲಿ ರವಾನೆ ವಿಭಾಗದ ಗುಮಾಸ್ತರೂ ಒಬ್ಬರು. ಆರು ವರ್ಷದಿಂದ ಚಹಾಕ್ಕೆ ಸಕ್ಕರೆ ಸೋಕಿಸದ ಕಟ್ಟುನಿಟ್ಟಿನ ಮನುಷ್ಯ. ಮಧ್ಯಾಹ್ನ ಮಾತ್ರ ಕ್ಯಾಂಟೀನಿನಲ್ಲಿ ನೆಣ ಸಮೇತ ಹುರಿದ ಮಾಂಸ ಎರಡು ತಟ್ಟೆ, ತಳದಲ್ಲಿ ಉಳಿದ ಎಣ್ಣೆ ಒರೆಸಲು ಬ್ರೆಡ್ಡು. ಅಷ್ಟು ಬಿಟ್ಟರೆ ಪಾಪ, ಬೇರೆ ಚಟವಿಲ್ಲ. ಹತ್ತೊಂಬತ್ತು ವರ್ಷ ಕೈಯಿಲ್ಲದ ಕುರ್ಚಿಯಲ್ಲೇ ಕೂತು ಸವೆದಿದ್ದರು. ಮುಂದಿನ ತಿಂಗಳು ಮೇಲ್ವಿಚಾರಕರ ಹುದ್ದೆಯೂ ಅದರ ಜೊತೆ ಕೈಯಿರುವ ಕುರ್ಚಿಯೂ ಅವರಿಗೆ ಬರಬೇಕಿತ್ತು. ಅಡ್ಡಗಾಲು ಹಾಕಿದ್ದು ನಿಯಮ ಹದಿನಾಲ್ಕು: ರಕ್ತದ ಸಕ್ಕರೆ ಇನ್ನೂರು ದಾಟಿದವರಿಗೆ ಬಡ್ತಿ ಇಲ್ಲ. ಗುಮಾಸ್ತರದ್ದು ಇನ್ನೂರ ಅರವತ್ತೆಂಟು. ಸಾಲದ್ದಕ್ಕೆ ಬಲಗಾಲಿನ ಹೆಬ್ಬೆರಳಲ್ಲಿ ಮೂರು ತಿಂಗಳಿಂದ ಮಾಯದ ಗಾಯ.

ಕಚೇರಿಯ ಡಾಕ್ಟರಮ್ಮ ಬೆರಳು ನೋಡಿ ಊಟದ ವಿಚಾರ ಕೇಳಿದರು. ಗುಮಾಸ್ತರು ಸಕ್ಕರೆ ಬಿಟ್ಟ ಕಥೆಯನ್ನು ಎದೆಯುಬ್ಬಿಸಿಕೊಂಡು ಹೇಳಿದರು, ಮಾಂಸದ ಕಥೆಯನ್ನೂ ಮುಚ್ಚಿಡಲಿಲ್ಲ.

"ಸಕ್ಕರೆ ಬಿಟ್ಟಿದ್ದು ಸರಿ," ಎಂದರು ಡಾಕ್ಟರಮ್ಮ. "ಆದ್ರೆ ದಿನಾ ಇಷ್ಟು ನೆಣ, ಇಷ್ಟು ಮಾಂಸ ಹೊಟ್ಟೆಗೆ ಹೋದ್ರೆ ಇನ್ಸುಲಿನ್ ಹೇಳಿದ ಮಾತನ್ನ ಮೈ ಕೇಳೋದಿಲ್ಲ. ಸಕ್ಕರೆ ರಕ್ತದಲ್ಲೇ ನಿಂತುಬಿಡುತ್ತೆ. ಕಾಳು, ತರಕಾರಿ ತಿನ್ನಿ. ಇಲ್ಲಾಂದ್ರೆ ಬೆರಳು ಉಳಿಯೋದು ಕಷ್ಟ."

ಗುಮಾಸ್ತರಿಗೆ ನಿಜಕ್ಕೂ ಹೆದರಿಕೆಯಾಯಿತು. ಅಂದೇ ಮಾಂಸ ಬಿಟ್ಟುಬಿಡಬಹುದಿತ್ತು. ಆದರೆ ಬರೀ ಬಾಯಿಮಾತಿನ ಮೇಲೆ ಕ್ರಮ ಕೈಗೊಳ್ಳುವುದು ಆ ಕಚೇರಿಯ ಪದ್ಧತಿಯಲ್ಲ. ಡಾಕ್ಟರಮ್ಮನ ಸಲಹೆಯನ್ನು ಮೂರು ಪ್ರತಿ ಬರೆದು, 'ಮಾಂಸ ಬಿಡಲು ಅನುಮತಿ ಕೋರಿ' ಎಂದು ತಲೆಬರಹ ಕೊಟ್ಟು ಸಾಹೇಬರಿಗೆ ಕಳುಹಿಸಿದರು.

ಕ್ಯಾಂಟೀನಿನ ಮೊದಲ ನೆಣದ ತುಂಡು ಸೇವಾಹಿರಿತನದ ಮೇರೆಗೆ ಸಾಹೇಬರಿಗೇ ಸಲ್ಲುತ್ತಿತ್ತು. ಅರ್ಜಿ ಓದಿ ಅವರ ಮುಖ ಸಪ್ಪಗಾಯಿತು. ಮೂರನೆಯ ದಿನ ಸುತ್ತೋಲೆ ಹೊರಬಿತ್ತು:

"ಮಾಂಸ ಮತ್ತು ಕೊಬ್ಬಿನ ಮೇಲೆ ಗುರುತರ ಆರೋಪವೊಂದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಸಿಹಿಯೆಂದು ರುಜುವಾತಾಗದ ಯಾವ ಪದಾರ್ಥವನ್ನೂ ಮಧುಮೇಹಕ್ಕೆ ಹೊಣೆ ಮಾಡತಕ್ಕದ್ದಲ್ಲ. ಸತ್ಯಾಸತ್ಯತೆ ಅರಿಯಲು ರುಚಿ ಪರಿಶೀಲನಾ ಸಮಿತಿಯನ್ನು ರಚಿಸಲಾಗಿದೆ. ಅರ್ಜಿದಾರರೇ ಸದಸ್ಯ ಕಾರ್ಯದರ್ಶಿ. ಸದಸ್ಯರು ಪ್ರತಿದಿನ ತಪ್ಪದೆ ಹಾಜರಿದ್ದು ತಿನ್ನತಕ್ಕದ್ದು."

ತಿಂದರೆ ಬೆರಳಿಗೆ ಸಂಚಕಾರ, ತಿನ್ನದಿದ್ದರೆ ಆಜ್ಞೆ ಮೀರಿದಂತೆ. ಗುಮಾಸ್ತರು ಯೋಚಿಸಿ, ಬೆರಳು ತಮ್ಮ ಸ್ವಂತದ್ದು, ಆಜ್ಞೆ ಸರ್ಕಾರದ್ದು ಎಂದು ತೀರ್ಮಾನಿಸಿ ತಿಂದರು. ಬಾಯಲ್ಲಿ ನೀರೂರಿದ್ದು ತೀರ್ಮಾನಕ್ಕೆ ಮೊದಲೋ ಆಮೇಲೋ ಎಂಬುದು ನಡಾವಳಿಯಲ್ಲಿ ಬಂದಿಲ್ಲ. ಮೂರು ವಾರ ಸಮಿತಿ ಬೆವರು ಸುರಿಸಿ ದುಡಿಯಿತು. ಡಾಕ್ಟರಮ್ಮ ಪ್ರಯೋಗಾಲಯದ ವರದಿಗಳ ಕಟ್ಟು ತಂದಿಟ್ಟರು. ಕಾಗದಕ್ಕೆ ರುಚಿಯಿಲ್ಲದ್ದರಿಂದ ಅದು ಸಮಿತಿಯ ವ್ಯಾಪ್ತಿಗೆ ಬರಲಿಲ್ಲ.

ಮಾಂಸ ಸಿಹಿಯಲ್ಲ, ನೆಣ ಅದಕ್ಕಿಂತಲೂ ಸಿಹಿಯಲ್ಲ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಡಾಕ್ಟರಮ್ಮ ಶಿಫಾರಸು ಮಾಡಿದ ಹಸಿ ಬಟಾಣಿ ಮತ್ತು ಗಜ್ಜರಿಯಲ್ಲಿ ಮಾತ್ರ ಸಿಹಿ ಪತ್ತೆಯಾಗಿ, ಎರಡನ್ನೂ ಕ್ಯಾಂಟೀನಿನಿಂದ ಗಡೀಪಾರು ಮಾಡಲಾಯಿತು. ಮಾಂಸದ ಡಬ್ಬಿಗಳ ಮೇಲೆ 'ಸಿಹಿಯಲ್ಲ' ಎಂದು ನೀಲಿ ಮೊಹರು ಒತ್ತುವ ವ್ಯವಸ್ಥೆಯಾಯಿತು. ಒತ್ತುವ ಅಧಿಕಾರ ಗುಮಾಸ್ತರದ್ದೇ.

ತಿಂಗಳ ಕೊನೆಯ ತಪಾಸಣೆಯಲ್ಲಿ ಗುಮಾಸ್ತರದ್ದು ಇನ್ನೂರ ತೊಂಬತ್ತಾರು. ಅವರು ಕುರ್ಚಿಯ ಆಸೆಗೆ ಎಳ್ಳುನೀರು ಬಿಟ್ಟರು. ಆದರೆ ಸಾಹೇಬರದ್ದೂ ಇನ್ನೂರ ನಲವತ್ತಕ್ಕೆ ಏರಿತ್ತು. ಸಾಹೇಬರು ನಿಯಮಬಾಹಿರರಾಗಲು ನಿಯಮದಲ್ಲಿ ಅವಕಾಶವಿಲ್ಲ. ಸಂಜೆಯೊಳಗೆ ನಿಯಮ ಹದಿನಾಲ್ಕಕ್ಕೆ ತಿದ್ದುಪಡಿಯಾಗಿ ಮಿತಿ ಮುನ್ನೂರಾಯಿತು. ಇಡೀ ಕಚೇರಿ ಒಂದೇ ಏಟಿಗೆ ಗುಣವಾಯಿತು.

ಬೆರಳಿಗೆ ತಿದ್ದುಪಡಿಯ ಪ್ರತಿ ತಲುಪಿರಲಿಲ್ಲ. ಅದನ್ನು ಆಸ್ಪತ್ರೆಯಲ್ಲಿ ತೆಗೆದರು. ಕಚೇರಿಯ ದಾಖಲೆಯಲ್ಲಿ, ಗಾಯವಿದ್ದ ಭಾಗವೇ ಇಲ್ಲವಾದ್ದರಿಂದ ಗಾಯ ಪೂರ್ಣ ವಾಸಿಯಾಗಿದೆಯೆಂದು ನಮೂದಾಯಿತು.

ಗುಮಾಸ್ತರು ಮನೆಗೆ ಬಂದು ಮಂಚದಲ್ಲಿ ಒರಗಿದ ದಿನವೇ ಬಡ್ತಿಯ ಆದೇಶವೂ, ಸಹೋದ್ಯೋಗಿಗಳು ಪ್ರೀತಿಯಿಂದ ಕಳುಹಿಸಿದ, ನೀಲಿ ಮೊಹರು ಬಿದ್ದ ದೊಡ್ಡ ಡಬ್ಬಿಯೊಂದೂ ಬಂದವು. ಆದೇಶವನ್ನು ಎರಡು ಸಲ ಓದಿ ಅವರ ಕಣ್ಣು ಒದ್ದೆಯಾಯಿತು. ಹೆಂಡತಿ ಬ್ಯಾಂಡೇಜಿನ ಕಾಲಿನ ಪಕ್ಕ ಕಾಳು, ಸೊಪ್ಪು ಬೇಯಿಸಿದ ಪಾತ್ರೆ ತಂದಿಟ್ಟಳು.

"ಆ ಡಬ್ಬಿ ಆಚೆ ಇರ್ಲಿ. ಇದನ್ನ ತಿನ್ನಿ. ಇನ್ನೂ ಒಂಬತ್ತು ಬೆರಳಿವೆ," ಎಂದಳು.

ಗುಮಾಸ್ತರು ಪಾತ್ರೆ ಎತ್ತಿಕೊಂಡರು. ಮುಚ್ಚಳ ನೋಡಿದರು, ಪಕ್ಕ ನೋಡಿದರು, ಎತ್ತಿ ಹಿಡಿದು ತಳವನ್ನೂ ನೋಡಿದರು.

"ತಿನ್ನಬಹುದು ಕಣೇ," ಎಂದರು ಕೊನೆಗೆ. "ಆದ್ರೆ ಇದಕ್ಕೆ ಮೊಹರೇ ಬಿದ್ದಿಲ್ವಲ್ಲ."

ಹೆಂಡತಿ ಪಾತ್ರೆಯನ್ನು ಒಮ್ಮೆ ನೋಡಿದಳು, ಆದೇಶವನ್ನು ಒಮ್ಮೆ ನೋಡಿದಳು. ಆಮೇಲೆ ಡಬ್ಬಿ ಎತ್ತಿಕೊಂಡು ಬಿಸಿ ಮಾಡಲು ಒಳಗೆ ಹೋದಳು.